ಬೀಗರ ಕಾಡಿನಲ್ಲಿ ಎರಡು ರಾತ್ರಿ

ದ್ರಾಕ್ಷಿ ಕಟಾವಿನ ದಿನಗಳು. ವಿಜಯಪುರ ಜಿಲ್ಲೆಯ ನಮ್ಮೂರು ಘೋಣಸಗಿಯ ಸುತ್ತಮುತ್ತ ಯಾವ ಶೆಡ್ಡಿಗೆ ಕಾಲಿಟ್ಟರೂ ಬಲೆಯ ಮೇಲೆ ಬಲೆ, ಅದರ ತುಂಬ ಹಸಿರು ಕಳೆದು ಜೇನುಬಣ್ಣಕ್ಕೆ ತಿರುಗುತ್ತಿರುವ ಹಣ್ಣು. ಒಣದ್ರಾಕ್ಷಿ ತೂಗುವ ಕಾಟಾದ ಮೇಲೆ ಮೊನ್ನೆ ಸಂಜೆ ನಾವು ಇಟ್ಟದ್ದು ಮಾತ್ರ ಬೇರೆಯೇ ಮಾಲು. ಅದು ಅಕ್ಕನ ಮಗ ಬೆಂಗಳೂರಿನಿಂದ ಹೊತ್ತು ತಂದ ಬೆನ್ನುಚೀಲ. ಕಾಟಾ 11 ಕಿಲೋ 400 ಗ್ರಾಂ ತೋರಿಸಿತು. ಅದರಲ್ಲಿ ನೀರು ಇನ್ನೂ ತುಂಬಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಕಾಕಾ ಚೀಲವನ್ನೊಮ್ಮೆ ಎತ್ತಿ ನೋಡಿ ಕೆಳಗಿಟ್ಟರು. "ಇಷ್ಟ್ ಹೊತ್ಕೊಂಡು ಭೀಮನಕೊಳ್ಳ ಏರ್ತೀ ಏನಪಾ? ಅರ್ಧಾ ತಗಿ."

ಹನ್ನೊಂದು ಸಲ ಇಲ್ಲಿಂದ ಶ್ರೀಶೈಲಕ್ಕೆ ನಡೆದ ಕಾಲು ಅವರದು. ನಾನು ನಡೆದದ್ದು ಒಂದೇ ಸಲ, 2024ರಲ್ಲಿ. ಹುಡುಗನಿಗೆ ಇದು ಮೊದಲನೆಯದು. ಈ ವರ್ಷದ ಉಗಾದಿ ಮಾರ್ಚ್ 19, ಗುರುವಾರ. ಅದಕ್ಕೂ ಮುಂಚೆ, 16 ಮತ್ತು 17ರ ಎರಡು ರಾತ್ರಿ ನಾವು ಮೂವರೂ ನಲ್ಲಮಲ ಕಾಡಿನೊಳಗೆ, ಹುಲಿ ಸಂರಕ್ಷಿತ ಪ್ರದೇಶದ ನೆಲದ ಮೇಲೆ ಮಲಗಲಿದ್ದೇವೆ. ಈ ಲೇಖನ ಅದರ ತಯಾರಿಯದು.

ಇದೆಲ್ಲ ಶುರುವಾದದ್ದು ಹುಡುಗನ ಒಂದು ಆಸೆಯಿಂದ. ಟೆಂಟು, ಚೀಲ, ತಲೆಗೆ ಕಟ್ಟುವ ಬ್ಯಾಟರಿ ಎಲ್ಲ ಕೊಂಡಿಟ್ಟುಕೊಂಡು ಎರಡು ವರ್ಷದಿಂದ ಕಾಯುತ್ತಿದ್ದ. ಕಾಡಿನಲ್ಲಿ ಒಂದು ರಾತ್ರಿ ಕಳೆಯಬೇಕು, ಅಷ್ಟೇ. ಆದರೆ ಪಶ್ಚಿಮ ಘಟ್ಟದ ಕಡೆ ಎಲ್ಲಿ ವಿಚಾರಿಸಿದರೂ ಬಂದ ಉತ್ತರ ಒಂದೇ: ಬೆಳಿಗ್ಗೆ ಹತ್ತಿ, ಸಂಜೆಯೊಳಗೆ ಇಳಿಯಿರಿ. ಕುದುರೆಮುಖದಲ್ಲಿ ತಂಗುವಂತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯ ಮೇಲೆ ಸಂತೆಯಂತೆ ಜನ ಸೇರಿದ ಚಿತ್ರಗಳು ಊರೆಲ್ಲ ಓಡಾಡಿದವು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಆ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಹುಡುಗನಿಗೆ ಇದರಿಂದ ಬೇಸರವಾಗಿತ್ತು. ನನಗೆ ಆಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಓದಿದವರಿಗೆ ಇದರಲ್ಲಿ ಹೊಸತೇನಿಲ್ಲ. ಅಭಯಾರಣ್ಯದೊಳಗೆ ಯಾರು ಕಾಲಿಡಬಹುದು ಎಂಬುದಕ್ಕೆ ಅದು ಒಂದು ಸಣ್ಣ ಪಟ್ಟಿ ಕೊಡುತ್ತದೆ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ, ಅಲ್ಲಿ ವಾಸಕ್ಕೆ ಅನುಮತಿ ಇದ್ದವರು, ಅಲ್ಲಿ ಆಸ್ತಿಯ ಹಕ್ಕಿದ್ದವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಮೊದಲ ಮೂರು ಬಗೆಯವರನ್ನು ಅವಲಂಬಿಸಿದವರು. ಉಳಿದವರೆಲ್ಲ 28ನೇ ಕಲಮಿನಡಿ ಪರವಾನಗಿ ಪಡೆಯಬೇಕು. 30ನೇ ಕಲಂ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ, 31ನೆಯದು ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನು. ಕಾಯ್ದೆಯ ಮಟ್ಟಿಗೆ ಕಾಡು ಪ್ರಾಣಿಗಳ ಮನೆ. ನಾವು ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋಗಬೇಕಾದವರು.

ನಮ್ಮ ಕಡೆ ಆ ಮನೆಯೂ ದೂರವೇ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ವಿಜಯಪುರ ಒಂದು. ಘೋಣಸಗಿಯ ಏರಿನ ಮೇಲೆ ನಿಂತರೆ ದಿಗಂತದವರೆಗೆ ಕಪ್ಪು ಎರೆ, ಮಧ್ಯೆ ಬೇವು, ಬಾರಿ, ಜಾಲಿ. ಕೊಳವೆಬಾವಿ ಕೈಹಿಡಿದ ಕಡೆ ದ್ರಾಕ್ಷಿಯ ಹಸಿರು ಪಟ್ಟಿ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. ಕುರುಚಲು ಗುಡ್ಡದ ಆ ಪುಟ್ಟ ಹುಲ್ಲೆಯನ್ನು ನೋಡಬೇಕಾದದ್ದು ಹಗಲಲ್ಲೇ. ಖಾನಾಪುರದ ಭೀಮಗಡ ಅಭಯಾರಣ್ಯ 2011ರಲ್ಲಿ ಆದದ್ದು, ಮಹದಾಯಿ ಹುಟ್ಟುವ ದಟ್ಟ ಕಾಡು. ಅಲ್ಲಿ ರಾತ್ರಿ ಇರಬೇಕೆಂದರೆ ಅರಣ್ಯ ಇಲಾಖೆಯ ಶಿಬಿರದ ಕೋಣೆ ಕಾದಿರಿಸಬೇಕು. ಚೀಲ ಹೊತ್ತು ನಡೆದು, ಕತ್ತಲಾದಲ್ಲಿ ಮಲಗಿ, ಬೆಳಗಾದರೆ ಮುಂದೆ ನಡೆಯುವ ಯಾತ್ರೆ ಎಲ್ಲಿದೆ ಎಂದು ಹುಡುಗ ಕೇಳಿದಾಗ ಕಾಕಾ ಒಣದ್ರಾಕ್ಷಿ ಆರಿಸುತ್ತಲೇ ಹೇಳಿದರು: "ಮಲ್ಲಯ್ಯನ ಕಡೆ ಬಾ."

ಎರಡೂ ಕಡೆಯ ಅಳಿಯ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಉಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವುದು ಎಷ್ಟು ಹಳೆಯದೆಂದರೆ ಅದನ್ನು ಯಾರೂ ಸಾಹಸವೆಂದು ಕರೆಯುವುದಿಲ್ಲ. ಅಲ್ಲಿನ ದೇವರು ಮಲ್ಲಯ್ಯನ ಕಂಬಿ ಹೊತ್ತವರು ಮುಂದೆ, ಹಿಂದೆ ಭಜನೆಯವರು, ಹರಕೆ ಹೊತ್ತ ಹೆಣ್ಣುಮಕ್ಕಳು, ಕೆಲವೊಮ್ಮೆ ಮರಗಾಲು ಕಟ್ಟಿಕೊಂಡವರು. ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ: ಲಿಂಗಸಗೂರು, ರಾಯಚೂರು, ಕರ್ನೂಲು ದಾಟಿ ಆತ್ಮಕೂರು. ಅಲ್ಲಿಯವರೆಗೆ ಡಾಂಬರು, ಅನ್ನದಾಸೋಹದ ಪೆಂಡಾಲು, ಕಾಲಿಗೆ ಎಣ್ಣೆ ತಿಕ್ಕಲು ಮುಂದೆ ಬರುವ ಅಪರಿಚಿತ ಕೈಗಳು. ಆತ್ಮಕೂರು ಬಿಟ್ಟು ವೆಂಕಟಾಪುರಂ ದಾಟಿದರೆ ಕಾಡು. ಅಲ್ಲಿಂದ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ಬಾಗಿಲು, ಹಾಟಕೇಶ್ವರ, ಕೊನೆಗೆ ಶ್ರೀಶೈಲ. ಸುಮಾರು ನಲವತ್ತು ಕಿಲೋಮೀಟರಿನ ಈ ಕಾಲುದಾರಿ ಎಲ್ಲ ದಿನವೂ ತೆರೆದಿರುವುದಿಲ್ಲ. ಶಿವರಾತ್ರಿಗೆ, ಉಗಾದಿಗೆ ಕೆಲವೇ ದಿನ ಆಂಧ್ರದ ಅರಣ್ಯ ಇಲಾಖೆ ಅದನ್ನು ಯಾತ್ರಿಕರಿಗೆ ಬಿಡುತ್ತದೆ. ಉಳಿದ ದಿನಗಳಲ್ಲಿ ಅದು ಹುಲಿಯ ದಾರಿ.

ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ವಿಸ್ತೀರ್ಣ ಮೂರು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ದೇಶದಲ್ಲೇ ದೊಡ್ಡದೆಂಬ ಹೆಸರು ಅದರದು. 1978ರಲ್ಲಿ ಅಭಯಾರಣ್ಯವಾಗಿ, 1983ರಲ್ಲಿ ಹುಲಿ ಯೋಜನೆಗೆ ಸೇರಿತು. 2014ರಲ್ಲಿ ರಾಜ್ಯ ಒಡೆದಾಗ ಕೃಷ್ಣೆಯ ಆಚೆಯ ಭಾಗ ಅಮರಾಬಾದ್ ಹೆಸರಿನಲ್ಲಿ ತೆಲಂಗಾಣಕ್ಕೆ ಹೋಯಿತು. ಈ ಕಾಡಿನ ನಡುವೆ ಹರಿಯುವ ಹೊಳೆ ನಮ್ಮ ಕೃಷ್ಣೆಯೇ. ಜತ್ತ ಕಡೆ ಹುಟ್ಟಿ ನಮ್ಮ ಜಿಲ್ಲೆಯ ಎರೆ ತೊಯ್ಸಿ ಹೋಗುವ ಡೋಣಿಯ ನೀರೂ ಕೃಷ್ಣೆಗೆ ಸೇರಿ, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆಯಾಗಿ ಸಿಗುತ್ತದೆ. ನಡೆಯುವವರು ಒಂದರ್ಥದಲ್ಲಿ ಮಳೆಗಾಲದಲ್ಲಿ ಊರಿಂದ ಹರಿದುಹೋದ ನೀರಿನ ಬೆನ್ನು ಹತ್ತಿದವರು.

ಕನ್ನಡದವರಿಗೂ ಆ ಬೆಟ್ಟಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಹೊರಟು ಕೊನೆಗೆ ಸೇರಿದ್ದು ಅಲ್ಲಿನ ಕದಳಿಗೆ. ಗಡಿಯಾಚೆಯ ಸೊಲ್ಲಾಪುರದ ಸಿದ್ಧರಾಮನ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಹೊಲ ಕಾಯುತ್ತಿದ್ದ ಹುಡುಗನ ಮುಂದೆ ಜಂಗಮನೊಬ್ಬ ಬಂದು ಉಣ್ಣಲು ಕೇಳುತ್ತಾನೆ. ಮನೆಯಿಂದ ತಂದುಕೊಡುವಷ್ಟರಲ್ಲಿ ಆತ ಮಾಯ. 'ಮಲ್ಲಯ್ಯಾ' ಎಂದು ಕೂಗುತ್ತ ಹುಡುಗ ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತುತ್ತಾನೆ. ರಾಘವಾಂಕ ಅದನ್ನು 'ಸಿದ್ಧರಾಮ ಚಾರಿತ್ರ'ದಲ್ಲಿ ಹಾಡಿದ. ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ಸಂಗತಿ: ಆ ಹುಡುಗನಿಗೆ ಬೆನ್ನು ಹತ್ತಲು ಯಾತ್ರಿಕರ ಒಂದು ಗುಂಪು ಆಗಲೇ ಇತ್ತು. ಬೆಟ್ಟದ ದಾರಿಗೆ ಮೆಟ್ಟಿಲು ಕಟ್ಟಿಸಿದವನು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮ. ಕಲ್ಲು ಸವೆದ ಆ ಮೆಟ್ಟಿಲುಗಳ ಮೇಲೆ ಈಗಲೂ ನಮ್ಮ ಕಡೆಯ ಕಾಲುಗಳು ಬೀಳುತ್ತವೆ.

ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎನ್ನುವುದು ಇಲ್ಲಿನ ಮಾತು. ಅದಕ್ಕೇ ಉಗಾದಿಗೆ ಮಗಳಿಗೆ ಸೀರೆ, ಕುಪ್ಪಸ, ಅರಿಷಿಣ-ಕುಂಕುಮ ಹೊತ್ತು ಹೋಗುತ್ತಾರೆ. ಆದರೆ ಆ ಕಾಡಿನಲ್ಲೇ ಇರುವ ಚೆಂಚು ಜನ ಹೇಳುವುದೂ ಅದನ್ನೇ. ತಮ್ಮ ಕುಲದ ಹುಡುಗಿಯನ್ನು ಮೆಚ್ಚಿ ಮದುವೆಯಾದ, ಆದ್ದರಿಂದ ಆತ ಚೆಂಚು ಮಲ್ಲಯ್ಯ, ತಮ್ಮ ಅಳಿಯ. ಬೇಟೆ, ಜೇನು, ಗೆಡ್ಡೆಗೆಣಸುಗಳ ಮೇಲೆ ಬದುಕಿದ ಈ ಜನವನ್ನು ಸರ್ಕಾರ ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇಟ್ಟಿದೆ. ಹುಲಿಯ ಹೆಜ್ಜೆ ಗುರುತಿಸುವ, ಕಾಡು ಕಾಯುವ ಕೆಲಸದಲ್ಲಿ ಇಂದು ಅರಣ್ಯ ಇಲಾಖೆಗೆ ಅವರೇ ಕಣ್ಣು. ಹಾಗಾದರೆ ಮಲ್ಲಯ್ಯನ ಲೆಕ್ಕದಲ್ಲಿ ಅವರೂ ನಾವೂ ಒಂದೇ ಕಡೆಯವರು, ಮತ್ತು ನಾವು ಎರಡು ರಾತ್ರಿ ಮಲಗುವುದು ಅವರ ಅಂಗಳದಲ್ಲಿ. ಬೀಗರ ಊರಿಗೆ ಹೋದಾಗ ಹೇಗಿರಬೇಕೆಂದು ನಮ್ಮ ಹೆಣ್ಣುಮಕ್ಕಳು ಮನೆ ಬಿಡುವ ಮುಂಚೆಯೇ ಮಕ್ಕಳಿಗೆ ಹೇಳಿಕೊಡುತ್ತಾರೆ: ಗದ್ದಲ ಮಾಡಬೇಡ, ಕೈಗೆ ಸಿಕ್ಕಿದ್ದು ಮುಟ್ಟಬೇಡ, ಉಂಡ ಎಲೆ ನೀನೇ ತೆಗಿ. ಕಾಡಿನ ತಯಾರಿಗೆ ಇದಕ್ಕಿಂತ ಚೊಕ್ಕ ಸೂಚನೆ ನನಗೆ ಎಲ್ಲೂ ಸಿಕ್ಕಿಲ್ಲ.

ದಿನ, ಚಂದ್ರ, ನೀರು

ತಯಾರಿ ಹಿಂದಿನಿಂದ ಮುಂದಕ್ಕೆ ಬರುತ್ತದೆ, ಉಗಾದಿಯಿಂದ ಈ ಕಡೆಗೆ ದಿನ ಎಣಿಸುತ್ತ. ಹಬ್ಬದ ಹಿಂದಿನ ದಿನ ಬೆಟ್ಟದ ಮೇಲಿರಬೇಕೆಂದರೆ 16ರ ಬೆಳಿಗ್ಗೆ ವೆಂಕಟಾಪುರಂ ಬಿಡಬೇಕು. ಕಾಕಾ ಮತ್ತು ಅವರ ಕಂಬಿಯವರು ಮಾರ್ಚ್ ಮೊದಲ ವಾರವೇ ಊರಿಂದ ಹೊರಡುತ್ತಾರೆ. ಹುಡುಗನಿಗೆ ಸಿಕ್ಕಿರುವ ರಜೆ ನಾಲ್ಕೇ ದಿನ. ಅವನೂ ನಾನೂ ಬಸ್ಸಿನಲ್ಲಿ ಆತ್ಮಕೂರು ಸೇರಿ ಅವರನ್ನು ಕೂಡಿಕೊಳ್ಳುವುದು. ಇದು ಅರ್ಧ ಯಾತ್ರೆಯಾಗುವುದಿಲ್ಲವೇ ಎಂದು ಅವನಿಗೆ ಅಳುಕಿತ್ತು. "ಮಲ್ಲಯ್ಯ ಮೈಲಿ ಎಣಸೂದಿಲ್ಲ" ಎಂದರು ಕಾಕಾ.

ಉಗಾದಿ ಚಾಂದ್ರಮಾನದ ಹಬ್ಬ. ಹಾಗಾಗಿ ಯಾತ್ರೆಯ ಬಿಸಿಲು ವರ್ಷ ವರ್ಷಕ್ಕೂ ಬೇರೆ. 2024ರಲ್ಲಿ ಉಗಾದಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, ಈಗ ಮಾರ್ಚ್ 19ಕ್ಕೆ. ಈ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಮುಂದಿನದು ಮತ್ತೆ ಏಪ್ರಿಲಿಗೆ ಜಿಗಿಯುತ್ತದೆ. ಆ ಮೂರು ವಾರದ ಅಂತರದಲ್ಲಿ ಎಲೆ ಉದುರಿಸುವ ಈ ಕಾಡಿನ ಎಷ್ಟೋ ಕುಂಟೆಗಳು ಒಣಗಿಹೋಗುತ್ತವೆ. ಈ ಸಲ ಹುಡುಗನನ್ನು ಕರೆದೊಯ್ಯಲು ನಾನು ಒಪ್ಪಿದ್ದಕ್ಕೆ ಕಾರಣ ಈ ಬೇಗನೆ ಬಂದ ಉಗಾದಿ.

ಇನ್ನೊಂದು ಮಾತನ್ನು ಮೊದಲ ಸಲ ಹೋಗುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಗಾದಿ ಎಂದರೆ ಅಮಾವಾಸ್ಯೆಯ ಮರುದಿನ. ಶಿವರಾತ್ರಿ ಎಂದರೆ ಕೃಷ್ಣಪಕ್ಷದ ಚತುರ್ದಶಿ. ಈ ಕಾಲುದಾರಿ ತೆರೆಯುವ ಎರಡೂ ಹೊತ್ತಿನಲ್ಲಿ ಚಂದ್ರ ಇರುವುದಿಲ್ಲ. ಬೆಳದಿಂಗಳಲ್ಲಿ ನಡೆದು ಬಿಸಿಲು ತಪ್ಪಿಸೋಣ ಎಂಬ ಎರೆಭೂಮಿಯ ಉಪಾಯ ಅಲ್ಲಿ ನಡೆಯದು, ಕತ್ತಲಲ್ಲಿ ಕಾಡಿನೊಳಗೆ ನಡೆಯಲೂಬಾರದು. ಶ್ರೀಶೈಲದ ಘಾಟ್ ರಸ್ತೆಯಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಕಾಲುದಾರಿಯ ಮಾತೇಕೆ. ಆದ್ದರಿಂದ ನಮ್ಮ ವೇಳಾಪಟ್ಟಿ: ಬೆಳಕು ಹರಿದಾಗಿನಿಂದ ಹತ್ತರವರೆಗೆ ನಡಿಗೆ, ಬಿಸಿಲು ಇಳಿಯುವವರೆಗೆ ನೆರಳು, ನಾಲ್ಕರಿಂದ ಕತ್ತಲ ಮುಂಚೆ ಬಿಡಾರದವರೆಗೆ ಮತ್ತೆ ನಡಿಗೆ. ದಿನಕ್ಕೆ ಇಪ್ಪತ್ತು ಕಿಲೋಮೀಟರು ಕೂಡ ಆಗದು, ಆಗಬೇಕಾಗಿಯೂ ಇಲ್ಲ.

ನೀರಿನ ವಿಷಯದಲ್ಲಿ ನಾನು 2024ರಲ್ಲಿ ತಪ್ಪಿದೆ. ಎರಡು ಲೀಟರು ಸಾಕೆಂದುಕೊಂಡಿದ್ದೆ. ಪೆದ್ದಚೆರುವು ಮುಟ್ಟುವ ಮುಂಚೆಯೇ ಬಾಟಲಿ ಬರಿದಾಗಿ, ಹಣೆಯ ಬೆವರು ನಿಂತು, ಪಕ್ಕದವರು ಮಾತಾಡಿಸಿದರೆ ಉತ್ತರ ಕೊಡಲು ಮನಸ್ಸಾಗದ ಸ್ಥಿತಿ. ಬಿಸಿಲು ತಲೆಗೇರುವುದು ಹಾಗೆಯೇ: ಬೆವರು ನಿಲ್ಲುತ್ತದೆ, ಮಾತು ತಪ್ಪುತ್ತದೆ. ಬೀದರ ಕಡೆಯ ಒಬ್ಬ ಅಜ್ಜಿ ನನ್ನನ್ನು ಮತ್ತಿ ಮರದ ಕೆಳಗೆ ಕೂರಿಸಿ, ತಮ್ಮ ಸೆರಗು ತೊಯ್ಸಿ ಕತ್ತಿಗೆ ಸುತ್ತಿ, ಸಕ್ಕರೆ-ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಅವರ ಹೆಸರು ಕೇಳಲೂ ನನಗೆ ಆಗ ತೋಚಲಿಲ್ಲ. ಒಂದು ಲೀಟರು ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆ ಪ್ರಮಾಣದ ಪುಡಿಯನ್ನು ಈ ಸಲ ಆರು ಪೊಟ್ಟಣ ಕಟ್ಟಿಟ್ಟಿದ್ದೇನೆ. ನಾಗಲೂಟಿ, ಪೆದ್ದಚೆರುವು, ಕೈಲಾಸ ಬಾಗಿಲುಗಳಲ್ಲಿ ದೇವಸ್ಥಾನದವರು ಜಾತ್ರೆಯ ದಿನಗಳಲ್ಲಿ ನೀರು, ನೆರಳಿನ ಏರ್ಪಾಡು ಮಾಡುತ್ತಾರೆ, ಆದರೆ ಎರಡು ಬಿಡಾರಗಳ ನಡುವಿನ ದಾರಿ ನಮ್ಮ ಬೆನ್ನಿನ ನೀರಿನ ಮೇಲೇ ಕಳೆಯಬೇಕು. ತಲೆಗೆ ಮೂರು ಲೀಟರು, ಅಂದರೆ ಮೂರು ಕಿಲೋ. ಚೀಲದ ಉಳಿದ ತೂಕ ತೀರ್ಮಾನವಾಗುವುದು ಈ ಮೂರು ಕಿಲೋದ ಎದುರಿಗೆ.

ಕಾಟಾದ ಮೇಲೆ

ಹಾಗಾಗಿ ಆ ಸಂಜೆ ಶೆಡ್ಡಿನ ನೆಲದ ಮೇಲೆ ತಾಡಪತ್ರಿ ಹಾಸಿ ಹುಡುಗನ ಚೀಲ ಬಿಚ್ಚಿದೆವು.

ಮೊದಲು ಹೊರಬಂದದ್ದು ಟೆಂಟು. ಹೊಸದು, ಚಂದದ್ದು, ಎರಡು ಕಿಲೋ. ಬಿಡಾರಗಳಲ್ಲಿ ಜನ ಒತ್ತೊತ್ತಾಗಿ ಮಲಗುವಾಗ ಅದನ್ನು ಹೂಡಲು ಜಾಗವೂ ಇರುವುದಿಲ್ಲ, ಮಾರ್ಚಿನ ಸೆಕೆಯಲ್ಲಿ ಅದರೊಳಗೆ ಮಲಗಲೂ ಆಗದು. ಅವನು ಏನೂ ಹೇಳದೆ ಅದನ್ನು ಪಕ್ಕಕ್ಕಿಟ್ಟ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಮುಂದೆ ಸ್ಟೋವು ಮತ್ತು ಅದರ ಗ್ಯಾಸಿನ ಡಬ್ಬಿ. ಅದು ಚೀಲಕ್ಕೆ ಮರಳುವ ಪ್ರಶ್ನೆಯೇ ಇಲ್ಲ. ಮಾರ್ಚಿನ ನಲ್ಲಮಲದಲ್ಲಿ ತೇಗ, ದಿಂಡಿಗ, ಬಿದಿರಿನ ಒಣ ಎಲೆ ಮೊಣಕಾಲಿನ ತನಕ ಬಿದ್ದಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಕಾಯ್ದೆಯ 30ನೇ ಕಲಂ ಪುಸ್ತಕದಲ್ಲಿ ಒಂದು ಸಾಲು, ಆ ಎಲೆಯ ಹಾಸಿನ ಮೇಲೆ ನಡೆಯುವಾಗ ಮಾತ್ರ ಅದು ಪ್ರತಿ ಹೆಜ್ಜೆಗೂ ಕೇಳಿಸುತ್ತದೆ.

ಬೆಂಕಿಯಿಲ್ಲದೆ ಎರಡು ದಿನದ ಊಟಕ್ಕೆ ನಮ್ಮ ನಾಡಿನಷ್ಟು ತಯಾರಾದ ನಾಡು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕಾಕು ಬಡಿದ ಜೋಳದ ಖಡಕ್ ರೊಟ್ಟಿ ಮುರಿದರೆ ಟಪ್ ಎನ್ನುತ್ತದೆ. ತೇವವೆಲ್ಲ ಹಂಚಿನ ಮೇಲೇ ಹೋಗಿರುತ್ತದೆ, ಹಾಗಾಗಿ ತಿಂಗಳಿಟ್ಟರೂ ಬೂಷ್ಟು ಹಿಡಿಯದು, ತೂಕವಂತೂ ಹಪ್ಪಳದಷ್ಟು. ಅದನ್ನು ಚೀಲಕ್ಕೆ ಸುಮ್ಮನೆ ತುರುಕಿದರೆ ನಾಗಲೂಟಿ ಮುಟ್ಟುವಷ್ಟರಲ್ಲಿ ನುಚ್ಚಾಗುತ್ತದೆ. ಕಾಕು ಹದಿನೆಂಟು ರೊಟ್ಟಿ ಒಂದರ ಮೇಲೊಂದು ಇಟ್ಟು, ಕೆಳಗೂ ಮೇಲೂ ರಟ್ಟಿನ ತುಂಡು ಹಚ್ಚಿ, ಧೋತ್ರದಲ್ಲಿ ಬಿಗಿಯಾಗಿ ಸುತ್ತಿ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿದರು. ಆ ಗಂಟನ್ನು ಬೆನ್ನಿಗೆ ತಾಗುವ ಕಡೆ ನಿಲ್ಲಿಸಿ ಇಡಬೇಕು, ಅಡ್ಡ ಇಡಬಾರದು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದಿಷ್ಟು ಮಾದಲಿ. ಸಿಹಿಗೆ ನಮ್ಮ ಶೆಡ್ಡಿನ ಒಣದ್ರಾಕ್ಷಿ ಅರ್ಧ ಕಿಲೋ. ಏರು ಹತ್ತುವಾಗ ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಬೇರೆ ಬೇಡ. ಎಲ್ಲವೂ ಬಟ್ಟೆಯ ಚೀಲಗಳಲ್ಲಿ. ಹುಡುಗ ತಂದಿದ್ದ ಬಿಸ್ಕತ್ತು, ನೂಡಲ್ಸು, ಚಾಕೊಲೇಟಿನ ಹೊಳೆಯುವ ಹೊದಿಕೆಗಳೆಲ್ಲ ಊರಲ್ಲೇ ಉಳಿದವು.

ಧೋತ್ರದ ಬಗ್ಗೆ ಇನ್ನೆರಡು ಮಾತು. ಬಿಚ್ಚಿದರೆ ಅದು ಹಾಸಿಗೆ, ಮಧ್ಯಾಹ್ನ ಎರಡು ಟೊಂಗೆಗಳ ನಡುವೆ ಕಟ್ಟಿದರೆ ನೆರಳು, ತೊಯ್ಸಿ ತಲೆಗೆ ಸುತ್ತಿದರೆ ತಂಪು, ರಾತ್ರಿ ಮುಖದ ಮೇಲೆ ಎಳೆದುಕೊಂಡರೆ ಸೊಳ್ಳೆಪರದೆ. ಮಲಗುವ ಚೀಲದ ಬದಲು ಹುಡುಗನಿಗೆ ಕಾಕಾನ ಹಳೆಯ ಧೋತ್ರ ಸಿಕ್ಕಿದೆ.

ಕಾಲಿಗೆ ಹೊಸ ಬೂಟು ಬೇಡ. ಕನಿಷ್ಠ ಒಂದು ತಿಂಗಳು ಹೊಲದ ಬದುವಿನ ಮೇಲೆ ನಡೆದು ಹಳತಾದದ್ದಿರಬೇಕು. ಬೊಬ್ಬೆ ಏಳುವ ಮುಂಚೆ ಅಲ್ಲೊಂದು ಬಿಸುಪು ಸಿಗುತ್ತದೆ, ಆಗಲೇ ಕುಳಿತು ಪಟ್ಟಿ ಹಚ್ಚಬೇಕು. ಗುಂಪು ಮುಂದೆ ಹೋಗುತ್ತದೆಂಬ ನಾಚಿಕೆಗೆ ಯಾರೂ ಕುಳಿತುಕೊಳ್ಳುವುದಿಲ್ಲ, ಮರುದಿನ ಕುಂಟುತ್ತಾರೆ. ಹರಕೆಯವರು ಬರಿಗಾಲಲ್ಲೇ ನಡೆಯುತ್ತಾರೆ. ಅವರ ಅಂಗಾಲು ವರ್ಷವಿಡೀ ಎರೆಯ ಮೇಲೆ ನಡೆದದ್ದು, ನಮ್ಮದು ಹಾಗಲ್ಲ.

ಕೊನೆಗೆ ಕಾಟಾ ನೀರು ಬಿಟ್ಟು 4 ಕಿಲೋ 100 ಗ್ರಾಂ ತೋರಿಸಿತು. ಬ್ಯಾಟರಿ, ಔಷಧಿ, ಒಂದು ಜೊತೆ ಬಟ್ಟೆ, ಸಣ್ಣ ಕೈಸಲಿಕೆ, ಖಾಲಿ ಗೋಣಿಚೀಲ ಸೇರಿ. ಸಲಿಕೆ ಯಾಕೆಂದು ಹುಡುಗ ಕೇಳಿದ. ಸಾವಿರಾರು ಜನ ಒಂದೇ ಹಳ್ಳದ ಪಕ್ಕ ರಾತ್ರಿ ಕಳೆದಾಗ ಬೆಳಿಗ್ಗೆ ಆ ಹಳ್ಳದ ಗತಿಯೇನು ಎಂಬುದನ್ನು ಯಾವ ಭಕ್ತಿಯ ಪುಸ್ತಕವೂ ಬರೆಯುವುದಿಲ್ಲ. ನೀರಿನಿಂದ ಅರವತ್ತು ಎಪ್ಪತ್ತು ಹೆಜ್ಜೆ ದೂರ, ಗೇಣುದ್ದ ಕುಣಿ, ಮೇಲೆ ಮಣ್ಣು. ನಮ್ಮ ನಂತರ ಅದೇ ನೀರಿಗೆ ಕಡವೆ ಬರುತ್ತದೆ, ಚೆಂಚು ಹಟ್ಟಿಯ ಮಕ್ಕಳು ಬರುತ್ತಾರೆ.

ಕತ್ತಲಾದ ಮೇಲೆ

ಅಕ್ಕ ಫೋನು ಮಾಡಿದಾಗಲೆಲ್ಲ ಹುಲಿಯ ಮಾತೆತ್ತುತ್ತಾಳೆ. ನನಗಿರುವ ಭಯ ಹೆಚ್ಚಾಗಿ ಕರಡಿಯದು. ಯಾತ್ರೆಯ ಹೊತ್ತಿಗೇ ಇಪ್ಪೆ ಹೂ ಬಿಡುತ್ತದೆ. ನಸುಕಿನಲ್ಲಿ ನೆಲಕ್ಕೆ ಬಿದ್ದ ಆ ಸಿಹಿ ಹೂಗಳಿಗೆ ಕರಡಿ ಬರುತ್ತದೆ, ತಿನ್ನುತ್ತ ಲೋಕ ಮರೆಯುತ್ತದೆ. ಅದರ ಕಣ್ಣು ಅಷ್ಟಕ್ಕಷ್ಟೆ. ಹತ್ತಿರ ಹೋಗುವವರೆಗೂ ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದಾಗ ಬೆದರಿ ಮೇಲೆರಗುತ್ತದೆ. ಅದಕ್ಕೇ ಗುಂಪು ಒಡೆಯಬಾರದು, ನಸುಕಿನಲ್ಲಿ ಒಬ್ಬರೇ ಪೊದೆಯ ಕಡೆ ಹೋಗಬಾರದು. ದಾರಿಯಲ್ಲಿ ತಿರುವು ಬಂದಾಗಲೆಲ್ಲ ಮುಂದಿನವರು 'ಮಲ್ಲಯ್ಯಾ' ಎಂದು ಕೂಗುವುದನ್ನು ನಾನು ಬರೀ ಭಕ್ತಿ ಎಂದುಕೊಂಡಿದ್ದೆ. ತಿರುವಿನಾಚೆ ಇರುವ ಜೀವಕ್ಕೂ ಅದು ಕೇಳಿಸುತ್ತದೆ, ಎದ್ದು ಹೋಗಲು ಸಮಯ ಸಿಗುತ್ತದೆ. ಬಾಯಿಂದ ಬರುವ ಆ ಕೂಗು ಸಾಕು. ಧ್ವನಿವರ್ಧಕ ಹೊತ್ತು ನಡೆಯುವ ಹೊಸ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಅದು ತಿರುವಿನಾಚೆಯವರನ್ನಷ್ಟೇ ಅಲ್ಲ, ಇಡೀ ಕಣಿವೆಯನ್ನೇ ಎಬ್ಬಿಸುತ್ತದೆ.

ಹಾವಿನ ಬಗ್ಗೆ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಗಡಿಯಾಚೆ ಮರಾಠಿಯಲ್ಲಿ ಕೊಳಕುಮಂಡಲಕ್ಕೆ ಘೋಣಸ ಎನ್ನುತ್ತಾರೆ. ನಮ್ಮ ಊರ ಹೆಸರಿನಲ್ಲಿ ಆ ಶಬ್ದ ಕೇಳಿದಾಗಲೆಲ್ಲ ಜತ್ತದ ಬೀಗರು ಹುಬ್ಬೇರಿಸುತ್ತಾರೆ. ಹೊಲದ ನಿಯಮವೇ ಕಾಡಿಗೂ: ಬೆಳಕಿಲ್ಲದೆ ಕಾಲಿಡಬೇಡ, ಬೂಟು ಝಾಡಿಸದೆ ಹಾಕಬೇಡ, ಕಟ್ಟಿಗೆಯ ರಾಶಿಯ ಪಕ್ಕ ಮಲಗಬೇಡ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಹೀರುವುದು ಯಾವುದೂ ಬೇಡ. ಅಂಗ ಅಲುಗಿಸದೆ ಹೊತ್ತುಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ ಮುಟ್ಟಿಸಬೇಕು. ಕಾಡಿನೊಳಗೆ ಆ 'ಮುಟ್ಟಿಸುವುದು' ಎಷ್ಟು ಹೊತ್ತಿನ ಮಾತೆಂದು ಮೊದಲೇ ಯೋಚಿಸಿದವನು ಬ್ಯಾಟರಿಯನ್ನು ಚೀಲದ ತಳದಲ್ಲಿ ಇಡುವುದಿಲ್ಲ.

2024ರ ಎರಡನೇ ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಭೀಮನಕೊಳ್ಳದ ಈಚೆ ಮಲಗಿದ್ದೆವು. ನೂರಾರು ಜನರ ಪಿಸುಮಾತು, ಕೆಮ್ಮು, ಎಲ್ಲೋ ಒಂದು ಏಕತಾರಿ. ಹತ್ತು ಗಂಟೆಯ ಸುಮಾರಿಗೆ ಒಬ್ಬ ಚೆಂಚು ಕಾವಲುಗಾರ, ಇಪ್ಪತ್ತೈದರ ಆಸುಪಾಸಿನ ಹುಡುಗ, ನಮ್ಮ ಸಾಲಿನ ಮುಂದೆ ಬಂದು ನಿಂತ. ಕೈಯಲ್ಲಿ ಬ್ಯಾಟರಿ ಇದ್ದರೂ ಹಚ್ಚಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಕಣಿವೆಯ ಕಡೆ ತೋರಿಸಿದ. ಮೊದಲು ಹತ್ತಿರದವರು, ಆಮೇಲೆ ಅವರ ಹಿಂದಿನವರು, ಹೀಗೆ ಗಾಳಿ ಜೋಳದ ಹೊಲ ದಾಟಿಹೋದಂತೆ ಮಾತು ನಿಂತುಹೋಯಿತು. ಆಗ ಕೆಳಗಿನಿಂದ ಕಡವೆಯ ಎಚ್ಚರಿಕೆಯ ಕೂಗು ಬಂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಇನ್ನಷ್ಟು ದೂರದಿಂದ. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಅಷ್ಟೊಂದಿವೆಯೆಂದು ನನಗೆ ಅಂದೇ ಗೊತ್ತಾದದ್ದು. ಯಾವುದೋ ದೊಡ್ಡ ಜೀವ ತನ್ನ ದಾರಿಯಲ್ಲಿ ತಾನು ಹೋಗುತ್ತಿತ್ತು, ನಾವು ಉಸಿರು ಬಿಗಿಹಿಡಿದು ಅದಕ್ಕೆ ದಾರಿ ಬಿಟ್ಟಿದ್ದೆವು. ಹುಡುಗ ಎರಡು ವರ್ಷದಿಂದ ಕೇಳುತ್ತಿದ್ದ ರಾತ್ರಿ ಇದೇ ಇರಬೇಕು.

ಮರುದಿನ ಬೆಳಕಿನಲ್ಲಿ ನೋಡಿದರೆ ನಾವು ಮಲಗಿದ್ದ ಜಾಗದ ತುಂಬ ನೀರಿನ ಪಾಕೀಟುಗಳು, ಪ್ಲಾಸ್ಟಿಕ್ ತಟ್ಟೆ, ಹರಿದ ಚಪ್ಪಲಿ. ರಾತ್ರಿ ಅಷ್ಟು ಚೊಕ್ಕ ಮೌನ ಹಿಡಿದ ಜನವೇ ಅದನ್ನು ಅಲ್ಲಿ ಬಿಟ್ಟದ್ದು. ರಾತ್ರಿಯ ಅದೇ ಚೆಂಚು ಕಾವಲುಗಾರ, ಇಬ್ಬರು ಹೆಣ್ಣುಮಕ್ಕಳೊಂದಿಗೆ, ಬಗ್ಗಿ ಬಗ್ಗಿ ಆರಿಸುತ್ತಿದ್ದ. ಮಲ್ಲಯ್ಯನ ಬೀಗರು. ನಮ್ಮ ಕಂಬಿ ಆಗಲೇ ಕೊಳ್ಳದ ಮೆಟ್ಟಿಲಿಳಿಯುತ್ತಿತ್ತು. ನಾನು ಅದರ ಹಿಂದೆ ಹೊರಟುಬಿಟ್ಟೆ, ಬಗ್ಗಲಿಲ್ಲ. ಕೆಳಗೆ ಹಳ್ಳ ದಾಟಿ ಆಚೆಯ ನೂರಾರು ಮೆಟ್ಟಿಲು ಹತ್ತುವಾಗಲೂ, ಕೈಲಾಸ ಬಾಗಿಲಿನಲ್ಲಿ ಎಲ್ಲರೂ ಹಣೆ ಮುಟ್ಟಿಸಿದಾಗಲೂ ಅದು ಬೆನ್ನಿಗೆ ಅಂಟಿಕೊಂಡೇ ಇತ್ತು.

ಈ ಸಲದ ಚೀಲದಲ್ಲಿ ಗೋಣಿಚೀಲ ಇರುವುದು ಅದಕ್ಕೇ. ಶೆಡ್ಡಿನಲ್ಲಿ ಎಲ್ಲ ಮುಗಿದು ಕಾಟಾ ಒರೆಸುತ್ತಿದ್ದಾಗ ಹುಡುಗ ಅದನ್ನು ಎತ್ತಿ ನೋಡಿ, ಇಷ್ಟು ತೆಗೆದ ಮೇಲೆ ಈ ಖಾಲಿ ಚೀಲದ ತೂಕ ಯಾಕೆ ಎಂದ. ನಾನು ಬಾಯಿ ತೆರೆಯುವ ಮುಂಚೆ ಕಾಕಾ ಅವನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಚೀಲದ ಮೇಲಿನ ಜೇಬಿಗೆ, ಬ್ಯಾಟರಿಯ ಪಕ್ಕ, ಇಟ್ಟರು.

"ಬರೂವಾಗ ಅದು ತುಂಬಿರತೈತಿ," ಎಂದರು. "ನಾ ಹೊರ್ತೀನಿ."